ಹದಿನೆಂಟು ರೊಟ್ಟಿ, ಐದು ಹೆಸರು

ಕೆಲವು ವಿವರಗಳು ತಪ್ಪಿರಬಹುದು, ಗೆಳೆಯರೇ. ಆ ದಿನ ನಮ್ಮ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದದ್ದು ಬೆಳಿಗ್ಗೆ ಎಂದು ನನ್ನ ದಿನಚರಿ ಹೇಳುತ್ತದೆ. ನೆನಪಿನಲ್ಲಿ ಮಾತ್ರ ಅವಳ ಅಂಗಳಕ್ಕೆ ಇಳಿಬಿಸಿಲು ಬಿದ್ದಿದೆ. ರೊಟ್ಟಿ ಹದಿನೆಂಟು ಎಂಬುದರಲ್ಲಿ ಸಂಶಯವಿಲ್ಲ.

ಅಕ್ಕಿಆಲೂರಿನ ಶಾಲೆಯಲ್ಲಿ ಪಾಠ ಹೇಳುವ ನನಗೆ ಆಗ ಮನೆಮನೆ ಗಣತಿಯ ಕೆಲಸ ಬಿದ್ದಿತ್ತು. ಯಾರೂ ಬಿಟ್ಟುಹೋಗಬಾರದು, ಯಾರೂ ಎರಡು ಕಡೆ ಬರಬಾರದು ಎಂದು ಹಾನಗಲ್ಲಿನ ಕಚೇರಿಯಲ್ಲಿ ಹತ್ತು ಸಲ ಹೇಳಿ ಕಳಿಸಿದ್ದರು. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲೂ ನನ್ನಂಥವರು ಓಣಿ ಓಣಿ ತಿರುಗುತ್ತಿದ್ದರು. ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಮಾಡಿದಾಗ ನಮ್ಮ ಮಂದಿ ಕುಂತಲ್ಲೇ ಜಿಲ್ಲೆ ಬದಲಿಸಿದರು, ಯಾರೂ ಹೊಸ್ತಿಲು ದಾಟಲಿಲ್ಲ. ಹೊಸ್ತಿಲು ದಾಟಿದವರನ್ನು ಬರೆಯುವುದೇ ಕಷ್ಟ.

ನಮ್ಮ ಕಡೆ ಹಿರಿಯರು ಮನೆಯ ಮಂದಿಯನ್ನು ಎಣಿಸಿ ಹೇಳುವುದಿಲ್ಲ, ದೃಷ್ಟಿಯಾದೀತೆಂಬ ಅಂಜಿಕೆ. ಕೇಳಿದರೆ ರೊಟ್ಟಿಯ ಲೆಕ್ಕ ಕೊಡುತ್ತಾರೆ.

“ಎಷ್ಟ ಮಂದಿ ಅದೀರಿ, ದೊಡ್ಡವ್ವಾ?”

“ಬಂದ್ರಪಾ ಸರಕಾರದೋರು! ಹದಿನೆಂಟ ರೊಟ್ಟಿ ಬಡೀತೇನಿ, ಒಬ್ಬರಿಗೆ ಮೂರು. ಸಾಲಿ ಕಲ್ತಾಕಿ, ನೀನ ಭಾಗಿಸ್ಕೋ.”

ಹೆಸರು ಹೇಳುವಾಗ ಮಾತ್ರ ದೊಡ್ಡಪ್ಪ, ತಾನು, ಮಗ, ಸೊಸೆ, ಮೊಮ್ಮಗಳು ಎಂದು ಐದಕ್ಕೆ ನಿಂತಳು. ಆರನೆಯವಳು ಅವಳ ಮಗಳು ಗಂಗಕ್ಕ, ಹಿತ್ತಲಲ್ಲಿ ತಾಟು ತೊಳೆಯುತ್ತಿದ್ದಳು. ಹಿರೇಕೆರೂರಿನ ಗಂಡನ ಮನೆಯಿಂದ ಬಂದು ಎರಡು ವರ್ಷ.

“ಗಂಗಕ್ಕನ ಹೆಸರು?”

“ಆಕಿ ಹಬ್ಬಕ್ಕ ಬಂದಾಳ. ಹೋಗಾಕಿ.”

“ಅದ್ಯಾವ ಹಬ್ಬ ದೊಡ್ಡವ್ವಾ, ಎರಡ ವರ್ಷದ್ದು?”

ಬಡಿಯುವ ಕೈ ನಿಂತಿತು. “ಇಲ್ಲಿ ಬರದ್ರ, ತವರಿನೋರು ಇಟಗೊಂಡ್ರು ಅಂತ ಗಂಡನ ಮನ್ಯಾರು ಕೈ ತೊಳಕೋತಾರ. ಆ ಬಾಗಲಾ ಮುಚ್ಚಿ ಹೋತು. ಬ್ಯಾಡವ್ವ, ನಿನ್ನ ಕಾಲ ಬೀಳ್ತೇನಿ.”

ಅವಳ ಕಣ್ಣಲ್ಲಿ ನೀರು ಬಂದದ್ದು ಒಲೆಯ ಹೊಗೆಗೋ, ಅಥವಾ ಆ ನೀರನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಅಂಗಳಕ್ಕೆ ಬಂದು, ಹಿರೇಕೆರೂರಿನಲ್ಲಿ ಗಣತಿ ಮಾಡುತ್ತಿದ್ದ ಗೆಳತಿಗೆ ಫೋನ್ ಮಾಡಿ, ಗಂಗಕ್ಕನ ಗಂಡನ ಮನೆಯವರು ಅವಳ ಹೆಸರು ಬರೆಸಿದ್ದಾರೆಯೇ ಎಂದು ಕೇಳಿದೆ. “ಆ ಮನ್ಯಾಗ ಕೇಳೇನ್ರಿ,” ಎಂದಳು. “ಆಕಿ ತವರಾಗ ಅದಾಳ, ಅಲ್ಲೇ ಬರಕೊಳ್ಳಲಿ ಅಂದ್ರು.”

ಅಂದು ಸಂಜೆಗೆ ಗಣತಿ ಮುಗಿಯುವುದಿತ್ತು. ನಾನು ಬಿಟ್ಟರೆ ದಿನಾ ಮೂರು ರೊಟ್ಟಿ ತಿನ್ನುವ, ಮನೆ ತುಂಬ ದುಡಿಯುವ ಆ ಹೆಂಗಸು ಇಡೀ ಜಿಲ್ಲೆಯಲ್ಲಿ ಎಲ್ಲಿಯೂ ಇಲ್ಲ. ಒಂದು ತಲೆ ಕಡಿಮೆಯಾದರೆ ಯಾವ ಕಚೇರಿಗೂ ಗೊತ್ತಾಗುವುದಿಲ್ಲ, ಅದೇ ನನ್ನನ್ನು ಹೆದರಿಸಿತು. ಬರೆದರೆ, ತೆರೆದಿದೆಯೆಂದು ಒಬ್ಬ ತಾಯಿ ನಂಬಿಕೊಂಡ ಬಾಗಿಲನ್ನು ನಾನೇ ಹಾಕಿದಂತೆ. ನಿಯಮ ನನ್ನ ಕಡೆಗಿತ್ತು. ಆದರೆ ನಿಯಮದ ಹಿಂದೆ ನಿಂತು ನನ್ನ ಇಷ್ಟವನ್ನೇ ನಡೆಸಿದೆನೇನೋ ಎಂಬ ಅನುಮಾನ ಈಗಲೂ ಹೋಗಿಲ್ಲ.

ಆರನೆಯ ಹೆಸರು ಬರೆದೆ. ದೊಡ್ಡವ್ವ ಅಂದಿನಿಂದ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ, ಅದನ್ನು ತಾಳಿಕೊಳ್ಳಬಲ್ಲೆ. ತಾಳಲಾಗದ್ದು ಬೇರೆ. ಬರೆಯುವ ಮುಂಚೆ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದೆ: “ಗಂಗಕ್ಕಾ, ನಿನ್ನ ಹೆಸರು ಎಲ್ಲಿ ಇರಬೇಕಂತ ನಿನಗ ಅನಸತೈತಿ?”

ಅವಳು ತೊಳೆದಿಟ್ಟ ತಾಟನ್ನೇ ಎತ್ತಿಕೊಂಡು ಮತ್ತೆ ತೊಳೆಯತೊಡಗಿದಳು.