ಕಾಚಂಪುಳಿ ಬಿದ್ದ ಮಯೊನೀಸ್

ಪಾಲಿಬೆಟ್ಟದ ನಮ್ಮ ಪಕ್ಕದ ಮನೆಯ ಆಂಟಿ ಹೋಂಸ್ಟೇ ತೆರೆದ ಹೊಸತು. ಆ ದಿನ ಅವರು ಹಸಿರು ಸೀರೆ ಉಟ್ಟಿದ್ದರು ಎಂದು ಬರೆದು ಹೊಡೆದುಹಾಕಿದೆ. ಸೀರೆ ನೆನಪಿಲ್ಲ, ಮಿಕ್ಸಿಯ ಮುಚ್ಚಳ ಅದುಮಿ ಹಿಡಿದಿದ್ದ ಅಂಗೈ ನೆನಪಿದೆ. ಮೊದಲ ಅತಿಥಿಗಳು ಹುರಿದ ಕೋಳಿಗೆ ಬೆಳ್ಳುಳ್ಳಿ ಮಯೊನೀಸ್ ಕೇಳಿದ್ದರು. ಇಲ್ಲದಿದ್ದರೆ ಊಟಕ್ಕೆ ವಿರಾಜಪೇಟೆಗೆ ಹೋಗುತ್ತಾರಂತೆ.

“ಅದೇನ್ ಮಹಾ!” ಎಂದರು ಆಂಟಿ. ಅಂಗಳಕ್ಕೆ ಹಾವು ಬಂದರೂ ಅವರು ಹೇಳುತ್ತಿದ್ದುದು ಅದನ್ನೇ. ಮೊಟ್ಟೆ, ಎಣ್ಣೆ, ಬೆಳ್ಳುಳ್ಳಿ ಮಿಕ್ಸಿಯಲ್ಲಿ ತಿರುಗಿ ಬೆಣ್ಣೆಯಂತೆ ಬೆಳ್ಳಗಾದವು. ಮನೆಯಲ್ಲಿ ನಿಂಬೆಹಣ್ಣು ಇರಲಿಲ್ಲ. ಹಂದಿಮಾಂಸಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನೇ ಸುರಿದರು, ಅದೂ ಹಂದಿಮಾಂಸದ ಅಳತೆಯಲ್ಲಿ. ಮಯೊನೀಸ್ ಕೆಸರಿನ ಬಣ್ಣಕ್ಕೆ ತಿರುಗಿತು.

“ಆಂಟಿ, ಇದು ಬೆಳ್ಳಗಿರ್ಬೇಕಲ್ವಾ?” ಎಂದಳು, ಆಂಟಿ ಹೊರಗೆ ತಂದಿಟ್ಟ ಬಟ್ಟಲು ನೋಡಿ ಅತಿಥಿ ಹುಡುಗಿ.

“ಬೆಳ್ಳಗಿರೋದು ಪೇಟೇದು ಮಾರಾಯ್ತಿ. ಇದು ಎಸ್ಟೇಟಿಂದು.”

ಹುಡುಗಿ ಕೋಳಿಯ ತುಂಡನ್ನು ಅದ್ದಿ ತಿಂದಳು. ಮತ್ತೆ ಅದ್ದಿದಳು. ಆಂಟಿ ಅಡುಗೆಮನೆಗೆ ಬಂದು, ಚಮಚ ನೆಕ್ಕಿ ಮುಖ ಕಿವುಚಿದರು.

“ಥೂ! ಇದನ್ನ ಹೇಗೆ ತಿಂತವೆ ಇವು?”

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು: “ಆಂಟಿ, ಇನ್ನೂ ಸ್ವಲ್ಪ!”

“ನಮ್ಮ ಮನೆಯಿಂದ ನಿಂಬೆಹಣ್ಣು ತರ್ಲಾ?” ಎಂದೆ.

ಆಂಟಿ ಗಾಬರಿಯಿಂದ ನನ್ನ ಕೈ ಹಿಡಿದರು. “ಬೇಡಪ್ಪಾ! ರುಚಿ ಸರಿಯಾದ್ರೆ ಎದ್ದು ಹೋಗ್ತವೆ.”