ಎರಡು ಅಂಗಡಿಯ ಗುಳಿಗೆ

ಹಲಸೂರಿಗೆ ಬಂದ ನಾಲ್ಕನೇ ತಿಂಗಳು, ಮನೆ ಮಾಲಕಿ ಸೆಲ್ವಿ ಆಂಟಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಬಾಯಿ ಮೂಸಿ ನೋಡಿದರು. ನಾನು ಗೋಡೆ ಹಿಡಿದು ತೂರಾಡುತ್ತಿದ್ದೆ. ಒಬ್ಬ ಆಂಟಿ ಇಬ್ಬರಾಗಿ ಕಾಣುತ್ತಿದ್ದರು. ಕುಡಿದು ಬರೋ ಹುಡುಗಿಗೆ ಇಲ್ಲಿ ಜಾಗ ಇಲ್ಲ, ತಿಂಗಳ ಕೊನೆಗೆ ಖಾಲಿ ಮಾಡು ಅಂದರು. ಈ ಕೋಣೆ ಹೋದರೆ ನಾನು ವಿಜಯಪುರಕ್ಕೆ ವಾಪಸು. ಅಪ್ಪ ಕಳಿಸಿದ್ದೇ ಆ ಷರತ್ತಿನ ಮೇಲೆ.

ಹನ್ನೆರಡನೇ ವಯಸ್ಸಿನಿಂದ ನನಗೆ ಫಿಟ್ಸ್. ನಮ್ಮೂರಲ್ಲಿ ಇಡೀ ಓಣಿಗೆ ಗೊತ್ತು. ಶೀತಕ್ಕೆ ಏನಾದರೂ ಕೇಳಿದರೂ ಔಷಧದಂಗಡಿಯ ಕಾಕಾ, ನಿನ್ನ ಗುಳಗಿ ಜೋಡಿ ಇದು ಆಗಂಗಿಲ್ಲವಾ ಅಂತ ವಾಪಸು ಎತ್ತಿಡುತ್ತಿದ್ದರು. ಅದೇ ಅಂಗಡಿ ಮುಂದೆ ನಿಂತವರ ಬಾಯಿಂದ ನನ್ನ ಎರಡು ಸಂಬಂಧ ಮುರಿದವು. ಸಾಕುಸಾಕಾಗಿತ್ತು. ಇಂದಿರಾನಗರದ ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಾಗ ಅವ್ವ ಹೇಳಿದ್ದು ಒಂದೇ ಮಾತು: ಅಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡ.

ಬಿಡಲಿಲ್ಲ. ಫಿಟ್ಸಿನ ಕಾರ್ಬಮಾಜಪಿನ್ ಗುಳಿಗೆಗೆ ಬಸ್ ಹತ್ತಿ ಶಿವಾಜಿನಗರಕ್ಕೆ ಹೋಗುತ್ತಿದ್ದೆ, ಅಲ್ಲಿ ನನ್ನ ಗುರುತು ಯಾರಿಗಿದೆ? ಕೆಮ್ಮು, ಜ್ವರಕ್ಕೆ ಮಾತ್ರ ಮನೆ ಪಕ್ಕದ ಅಂಗಡಿ. ಎಂಥ ಜಾಣತನ ನೋಡಿ ನನ್ನದು! ಗಂಟಲು ಬಾತು ಕ್ಲಿನಿಕ್ಕಿಗೆ ಹೋದಾಗ, ಬೇರೆ ಯಾವ ಔಷಧವನ್ನೂ ತಗೊಳ್ಳುತ್ತಿಲ್ಲ ಅಂದುಬಿಟ್ಟೆ. ಅಲ್ಲಿನ ಡಾಕ್ಟರು ಕ್ಲಾರಿಥ್ರೊಮೈಸಿನ್ ಬರೆದರು, ಅದನ್ನು ಪಕ್ಕದ ಅಂಗಡಿಯಲ್ಲಿ ಕೊಂಡೆ. ಮೂರನೇ ದಿನಕ್ಕೆ ಬೋರ್ಡಿನ ಅಕ್ಷರ ಎರಡೆರಡಾದವು. ವಾಂತಿ ಬೇರೆ. ಆಂಟಿ ಬಾಯಿ ಮೂಸಿದ್ದು ಅವತ್ತೇ ಸಂಜೆ. ಈ ಫಿಟ್ಸಿನ ಗುಳಿಗೆಯ ಸಹವಾಸವೇ ಬೇಡ, ಎಸೆದುಬಿಡೋಣ ಅನ್ನಿಸಿತ್ತು.

ಎಸೆಯದೆ, ಆ ಗುಳಿಗೆ ಬರೆದುಕೊಡುವ ಶಿವಾಜಿನಗರದ ಫಿಟ್ಸಿನ ಡಾಕ್ಟರ ಹತ್ತಿರ ಹೋದೆ. ಅವರು ಹಣೆ ಚಚ್ಚಿಕೊಂಡರು. ಗಂಟಲಿನ ಆ ಔಷಧ ಕಾರ್ಬಮಾಜಪಿನ್ ಅನ್ನು ಮೈಯಿಂದ ಹೊರಹೋಗಲು ಬಿಡುವುದಿಲ್ಲ, ಅದು ರಕ್ತದಲ್ಲಿ ಏರುತ್ತಲೇ ಹೋಗುತ್ತದಂತೆ; ತೂರಾಟ, ಎರಡೆರಡು ಕಾಣೋದು ಎಲ್ಲ ಅದರಿಂದಲೇ ಅಂತೆ. ಹಾಗಂತ ಫಿಟ್ಸಿನದನ್ನು ಒಮ್ಮೆಲೇ ನಿಲ್ಲಿಸಿದ್ದರೆ ಇನ್ನೂ ಜೋರಾಗಿ ಫಿಟ್ಸ್ ಬರುತ್ತಿತ್ತಂತೆ. ಗಂಟಲಿಗೆ ಬೇರೆ ಬರೆದುಕೊಟ್ಟು, ಎಲ್ಲ ಗುಳಿಗೆಯನ್ನೂ ಒಂದೇ ಅಂಗಡಿಯಲ್ಲಿ ತಗೋ ಅಂದರು. ಊರಲ್ಲಿ ಎಲ್ಲರಿಗೂ ಗೊತ್ತಿದ್ದು ನನಗೆ ಬದುಕಲಾಗಲಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲದೆ ಈ ಗತಿ. ಎಲ್ಲಿಗೆ ಹೋಗಿ ಸಾಯಲಿ?

ಆಂಟಿಗೆ ಎರಡೂ ಚೀಟಿ ತೋರಿಸಿ ನಿಜ ಹೇಳಿದೆ. "ಕಾಕ್ಕಾ ವಲಿಪ್ಪಾ?" ಅಂದರು. ಇಲ್ಲಿನ ತಮಿಳಿನವರು ಫಿಟ್ಸಿಗೆ ಹೇಳುವ ಹೆಸರದು. ಎರಡೂ ಚೀಟಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

"ಮೊದ್ಲೇ ಹೇಳಿದ್ರೆ ಮನೆ ಕೊಡ್ತಿರ್ಲಿಲ್ಲಮ್ಮ. ಈಗ ಬಂದ್ಬಿಟ್ಟಿದೀಯ, ಇರು. ಬಾಗ್ಲಿಗೆ ಮಾತ್ರ ಒಳಗಿಂದ ಚಿಲಕ ಹಾಕ್ಬೇಡ."

ಆ ಮೊದಲ ಮಾತಿಗೆ ಸಿಟ್ಟು ಬಂತು, ಕೊನೆಯ ಮಾತಿಗೆ ಅಳು ಬಂತು.

ಈಗ ಪಕ್ಕದ ಅಂಗಡಿಯಲ್ಲೇ ಕಾರ್ಬಮಾಜಪಿನ್ ಅಂತ ಕೇಳುತ್ತೇನೆ. ಯಾರಾದರೂ ತಿರುಗಿ ನೋಡಿದರೆ ನೋಡಲಿ. ಭಾನುವಾರ ಅವ್ವ ಫೋನ್ ಮಾಡಿ, ಅಲ್ಲಿ ಯಾರಿಗೂ ಗೊತ್ತಾಗಿಲ್ಲ ಹೌದಿಲ್ಲೋ ಅಂತ ಕೇಳುತ್ತಾಳೆ. ಇಲ್ಲವ್ವಾ ಅನ್ನುತ್ತೇನೆ. ಅಷ್ಟರಲ್ಲಿ ಚಿಲಕ ಹಾಕದ ಬಾಗಿಲಾಚೆಯಿಂದ ಸೆಲ್ವಿ ಆಂಟಿ, ಗುಳಿಗೆ ತಗೊಂಡ್ಯಾ ಅಂತ ಕೂಗುತ್ತಾರೆ. ನಾನು ಫೋನಿಗೆ ಕೈ ಅಡ್ಡ ಹಿಡಿಯುತ್ತೇನೆ.