ಕೀಟಲೆ ತಡೆಯುವವರ ತೋಳುಪಟ್ಟಿ

"ಅಕ್ಷರ ಬಾರದವ್ಳ್ ಅಂಗ್ಡಿ ನಡ್ಸುಕಾತ್ತಾ?" ಎಂದು ನಾದಿನಿ ನಕ್ಕಿದ್ದಳು. ಅಕ್ಷರ ನಾನೇ ಕಲಿತೆ, ಹೆಮ್ಮಾಡಿಯಲ್ಲಿ ಹೊಲಿಗೆ ಅಂಗಡಿಯನ್ನೂ ಇಟ್ಟೆ.

ಮಗಳ ಶಾಲೆಯಲ್ಲಿ ಮಕ್ಕಳ ಕೀಟಲೆ ತಡೆಯಲು ಪಡೆ ಕಟ್ಟಿದರು. ಹೆಚ್ಚು ಕಾಡುವವರಿಗೇ ತೋಳುಪಟ್ಟಿ ಕೊಟ್ಟರೆ ಜವಾಬ್ದಾರಿ ಬರುತ್ತದೆ ಎಂಬುದು ಮೇಷ್ಟ್ರುಗಳ ಅಭಿಪ್ರಾಯ. ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದ ನಾನೇ ಪಟ್ಟಿಯನ್ನೂ ಹೊಲಿದುಕೊಟ್ಟೆ.

ತಿಂಗಳೊಳಗೆ ಹೆಡ್‌ಮಾಸ್ಟರು ಮತ್ತೆ ಅಂಗಡಿಗೆ ಬಂದರು. "ಇನ್ನಷ್ಟ್ ಬೇಕಲೆ ಮಾರಾಯ್ತಿ. ಪಟ್ಟಿ ಆಸೆಗೆ ಎಲ್ರೂ ಕಾಡುಕ್ ಶುರು ಮಾಡಿರ್."

ಅಷ್ಟರಲ್ಲಿ, ಇರುವೆಗೂ ದಾರಿ ಬಿಡುವ ನನ್ನ ಮಗಳು ತೋಳುಪಟ್ಟಿ ಕಟ್ಟಿಕೊಂಡು ಬಂದಳು.

"ಎಂತ ಮಾಡ್ದೆ ಮಗಾ?"

"ಪಕ್ಕದವ್ಳ ಜಡೆ ಎಳ್ದೆ ಅಮ್ಮ."

"ಕಾಣಿ, ಎಷ್ಟ್ ಧೈರ್ಯ ಬಂತ್" ಎಂದು ಹೆಡ್‌ಮಾಸ್ಟರು ಮೆಚ್ಚಿದರು.

ಪಟ್ಟಿ ಬಿಚ್ಚಿ ಅವರ ಕೈಗೇ ಕೊಟ್ಟೆ. ಇನ್ನೊಂದೂ ಹೊಲಿಯುವುದಿಲ್ಲ ಎಂದೆ.

ಈಗ ಅಂಗಡಿ, ಮೂರು ಮಿಷನ್ ಎಲ್ಲ ನನ್ನದೇ. ಆ ಶಾಲೆಯ ಯೂನಿಫಾರ್ಮು ಮಾತ್ರ ನಾದಿನಿ ಹೊಲಿಯುತ್ತಾಳೆ, ತೋಳುಪಟ್ಟಿ ಸಮೇತ.